ಲೆಸ್ಟರ್‌ನಲ್ಲಿ ನಿನಗೆ ಓಟಿದೆ, ತಮ್ಮಾ

ಶಿರಸಿಯಿಂದ ಓದಲು ಬ್ರಿಟನ್ನಿನ ಲೆಸ್ಟರ್‌ಗೆ ಬರ್ತಿದ್ದೀಯ, ಖುಷಿ ಆಯ್ತು. "ಅಣ್ಣಾ, ಅಲ್ಲಿ ನಮಗೆ ಓಟಿಲ್ಲ, ಊರಿನ ಓಟೂ ಹೋದ ಹಾಗೇ ಅಲ್ವಾ?" ಎಂದು ಕೇಳಿದ್ದೀಯ. ಎರಡೂ ಹಾಗಲ್ಲ.

ಭಾರತ ಕಾಮನ್‌ವೆಲ್ತ್ ದೇಶ. ಅಂದರೆ ಬ್ರಿಟನ್ ಮತ್ತು ಬಹುಪಾಲು ಅದರ ಹಳೆಯ ವಸಾಹತುಗಳು ಇರುವ ಕೂಟದಲ್ಲಿದೆ. ಹಾಗಾಗಿ ವೀಸಾ ಮೇಲೆ ಇಲ್ಲಿ ವಾಸವಿರುವ, 18 ತುಂಬಿದ ಭಾರತೀಯರು ಸಂಸತ್ತಿನ ಚುನಾವಣೆಗೂ ಓಟು ಹಾಕಬಹುದು. ಸ್ಟೂಡೆಂಟ್ ವೀಸಾ ಆದರೂ ಸರಿ. ಜರ್ಮನಿಗೆ ಹೋದ ನಮ್ಮವರು ಪೌರತ್ವ ಸಿಗುವ ತನಕ ಕಾಯಬೇಕು. ನಿನಗೆ ಆ ಕಾಯುವಿಕೆ ಇಲ್ಲ, ಸುಮ್ನೆ ಬಿಡಬೇಡ.

ಬಾಡಿಗೆ ಮನೆ ಸಿಕ್ಕ ವಾರವೇ ಸರ್ಕಾರದ ವೆಬ್‌ಸೈಟಿನಲ್ಲಿ ಹೆಸರು ಸೇರಿಸು. ಮತದಾನಕ್ಕೆ 12 ಕೆಲಸದ ದಿನ ಮೊದಲೇ ಗಡುವು ಮುಗಿಯುತ್ತದೆ. ಮನೆ ಬದಲಿಸಿದರೆ ಮತ್ತೆ ಸೇರಿಸಬೇಕು. ಹುಡುಗರು ಎಡವೋದು ಇಲ್ಲೇ.

ಮತದಾನ ಸಾಮಾನ್ಯವಾಗಿ ಗುರುವಾರ. ರಜೆ ಇಲ್ಲ, ಆದರೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಸಮಯ ಇದೆ. ನಮ್ಮಲ್ಲಿ ಶಾಲೆ ಇದ್ದ ಹಾಗೆ ಇಲ್ಲಿ ಬಹಳ ಕಡೆ ಚರ್ಚಿನ ಹಾಲ್‌ನಲ್ಲಿ ಬೂತ್. ಫೋಟೋ ಇರುವ ಗುರುತು ಕೇಳುತ್ತಾರೆ, ನಿನ್ನ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ. ಪಟ್ಟಿಯಲ್ಲಿ ಹೆಸರಿಗೆ ಗೆರೆ ಎಳೆದು ಮತಪತ್ರ ಕೊಡುತ್ತಾರೆ. ಒಳಗೆ ಒಂದು ಪೆನ್ಸಿಲ್ ಇರುತ್ತದೆ. ಬೇಕಾದ ಹೆಸರಿನ ಮುಂದೆ ಕ್ರಾಸ್ ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕುವುದು. ಯಂತ್ರ ಇಲ್ಲ, ಬೆರಳಿಗೆ ಶಾಯಿ ಇಲ್ಲ, ನೋಟಾ ಕೂಡ ಇಲ್ಲ. ಜಾಸ್ತಿ ಓಟು ಬಿದ್ದವರು ಗೆದ್ದ ಹಾಗೆ. ಅದು ಮಾತ್ರ ನಮ್ಮಂತೆಯೇ.

ಊರಿನ ಓಟಿಗೆ ಫಾರ್ಮ್ 6ಎ ತುಂಬು. ಅನಿವಾಸಿಗಳಿಗೆ ಈ ಹಕ್ಕು ಬಂದದ್ದು 2011ರಲ್ಲಿ. ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಬೂತಿನ ಪಟ್ಟಿಗೆ ನಿನ್ನ ಹೆಸರು ಸೇರುತ್ತದೆ. ಆದರೆ ಅಸಲಿ ಪಾಸ್‌ಪೋರ್ಟ್ ಹಿಡಿದು ನೀನೇ ಅಲ್ಲಿಗೆ ಹೋಗಬೇಕು. ಅಂಚೆ ಮೂಲಕ ಕಳಿಸುವಂತಿಲ್ಲ, ಅಪ್ಪನ ಹತ್ತಿರ ಹಾಕಿಸುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ ಎರಡಕ್ಕೂ ಅವಕಾಶ ಇದೆ. ಇದು ನನಗೆ ನಿಜಕ್ಕೂ ಬೇಜಾರಿನ ಸಂಗತಿ. ಮಾರಿಕಾಂಬಾ ಜಾತ್ರೆಯ ದಿನ ಮೊದಲೇ ಗೊತ್ತಿರುತ್ತದೆ, ರಜೆ ಹೊಂದಿಸಿ ಬರುತ್ತೇವೆ. 2024ರ ಲೋಕಸಭೆಗೆ ದಿನಾಂಕ ಪ್ರಕಟವಾದದ್ದು ಮಾರ್ಚ್ 16ಕ್ಕೆ, ಉತ್ತರ ಕನ್ನಡದಲ್ಲಿ ಮತದಾನ ಮೇ 7ಕ್ಕೆ. ಅಷ್ಟರಲ್ಲಿ ರಜೆ, ಟಿಕೆಟ್ ಎಲ್ಲಿಂದ ಹೊಂದಿಸೋದು? ದೂರದಿಂದಲೇ ಓಟು ಹಾಕುವ ದಾರಿಯನ್ನು ನಮ್ಮ ದೇಶ ಮಾಡಿಕೊಡಲೇಬೇಕು. ಅಲ್ಲಿಯವರೆಗೆ ಹೆಸರಾದರೂ ಪಟ್ಟಿಯಲ್ಲಿರಲಿ. ಆ ವಾರ ನೀನು ಊರಲ್ಲೇ ಇರಲೂಬಹುದು.

ಮುಂದೆ ಬ್ರಿಟಿಷ್ ಪೌರತ್ವ ತಗೊಂಡರೆ ಮಾತ್ರ ಭಾರತದ ಓಟು ಹೋಗುತ್ತದೆ. ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಓಟಿನ ಹಕ್ಕಿಲ್ಲ. ಮನೆಯವರ ಜೊತೆ ಈಗಲೇ ಈ ಮಾತಾಡಿಕೋ.