ಸಂಜೆಯ ಹಸಿವಿಗೆ ಬೆಳಗ್ಗೆಯೇ ಮದ್ದು

ಪ್ರಶ್ನೆ: ನನಗೆ 38 ವರ್ಷ, ಎತ್ತರ 5 ಅಡಿ 2 ಇಂಚು. ಎರಡು ತಿಂಗಳಲ್ಲಿ 74 ಕೆ.ಜಿ.ಯಿಂದ 70ಕ್ಕೆ ಇಳಿದಿದ್ದೇನೆ. ಬೆಳಗ್ಗೆ ಗ್ರೀನ್ ಟೀ, ಒಂದು ಸೇಬು. ಮಧ್ಯಾಹ್ನ ಒಂದು ಚಪಾತಿ, ಸ್ವಲ್ಪ ಪಲ್ಯ. ರಾತ್ರಿ ಸೂಪ್ ಅಷ್ಟೇ. ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಹೊಟ್ಟೆ ಚುರುಗುಟ್ಟುತ್ತದೆ, ಮಕ್ಕಳ ಮೇಲೆ ರೇಗಾಡುತ್ತೇನೆ. ಆಮೇಲೆ ಕೋಡುಬಳೆ ಡಬ್ಬ ಖಾಲಿ. ಎರಡು ವಾರದಿಂದ ತೂಕವೂ ಇಳಿದಿಲ್ಲ. ನನಗೆ ಮನಸ್ಸಿನ ಹಿಡಿತವೇ ಇಲ್ಲವೇ?
– ಓದುಗರು, ದಾವಣಗೆರೆ

ಉತ್ತರ: ಹಿಡಿತ ಇಲ್ಲದವರು ಒಂದು ಸೇಬು ತಿಂದು ಮಧ್ಯಾಹ್ನದವರೆಗೆ ಇರುವುದಿಲ್ಲ, ಬಿಡಿ. ನೀವು ಬರೆದ ಲೆಕ್ಕ ನೋಡಿದರೆ ಸಂಜೆವರೆಗೆ ಹೊಟ್ಟೆಗೆ ಬಿದ್ದಿರುವುದು 300 ಕ್ಯಾಲರಿ ಆಸುಪಾಸು. ಅದರಲ್ಲಿ ಪ್ರೊಟೀನ್ ಇಲ್ಲವೆಂದೇ ಹೇಳಬೇಕು. ಕೋಡುಬಳೆ ತಪ್ಪಲ್ಲ, ಬೆಳಗಿನ ತಿಂಡಿ ಬಿಟ್ಟದ್ದು ತಪ್ಪು.

ಸಿಡುಕಿಗೂ ಕಾರಣ ಇದೇ. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ದಿನಕ್ಕೆ ಸುಮಾರು 1,600 ಕ್ಯಾಲರಿ. ಅಷ್ಟಕ್ಕೇ ಅವರು ಮಾತುಮಾತಿಗೂ ರೇಗತೊಡಗಿದರು, ಊಟದ ಯೋಚನೆ ಬಿಟ್ಟರೆ ಬೇರೆ ಇಲ್ಲ, ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು! ತೂಕ ಇಳಿದಾಗ ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ, ಸಾಕೆನಿಸುವ ಲೆಪ್ಟಿನ್ ಇಳಿಯುತ್ತದೆ. ನಿದ್ದೆಗೆಟ್ಟರೆ ಹಸಿವು ಇನ್ನೂ ಹೆಚ್ಚು.

ಹಾಗಾಗಿ ಊಟವನ್ನು ಸಂಜೆಗೆ ತಳ್ಳಬೇಡಿ, ಬೆಳಗ್ಗೆಯಿಂದಲೇ ಹೊಟ್ಟೆ ತುಂಬ ತಿನ್ನಿ. ಬೆಳಗ್ಗೆ ಎರಡು ಹೆಸರುಬೇಳೆ ದೋಸೆ, ಇಲ್ಲವೇ ಒಂದು ರಾಗಿ ರೊಟ್ಟಿ ಜೊತೆ ಎರಡು ಬೇಯಿಸಿದ ಮೊಟ್ಟೆ (ಒಂದರಲ್ಲಿ ಸುಮಾರು 6 ಗ್ರಾಂ ಪ್ರೊಟೀನ್). ಮಧ್ಯಾಹ್ನ ಜೋಳದ ರೊಟ್ಟಿ ಒಂದಿರಲಿ, ಅದರ ಪಕ್ಕ ಬಟ್ಟಲು ತುಂಬ ಮೊಳಕೆ ಕಾಳಿನ ಪಲ್ಯ, ಸೌತೆಕಾಯಿ, ಮಜ್ಜಿಗೆ. ಅನ್ನ ಉಣ್ಣುವುದಾದರೆ ತಿಳಿಸಾರು ಬೇಡ, ಬೇಳೆ ಕೈಗೆ ಸಿಗುವ ಹುಳಿ ಬೇಕು. ದಿನಕ್ಕೆ 55ರಿಂದ 60 ಗ್ರಾಂ ಪ್ರೊಟೀನ್ ನಿಮ್ಮ ಗುರಿ. ಸಂಜೆ ಆಫೀಸು ಬಿಡುವ ಮೊದಲೇ ಒಂದು ಹಿಡಿ ಹುರಿಗಡಲೆ ತಿನ್ನಿ. ಮನೆ ಬಾಗಿಲು ತೆಗೆಯುವಾಗ ಹೊಟ್ಟೆ ತಣ್ಣಗಿದ್ದರೆ ಡಬ್ಬ ಕಣ್ಣಿಗೆ ಬಿದ್ದರೂ ಕೈ ಹೋಗುವುದಿಲ್ಲ. ಭಾನುವಾರ ಕಾಫಿ ಜೊತೆ ಎರಡು ಕೋಡುಬಳೆ ಕೂತು ತಿನ್ನಿ, ಅದಕ್ಕೆ ಪ್ರಾಯಶ್ಚಿತ್ತದ ಉಪವಾಸ ಬೇಡ.

ತೂಕದ ವಿಷಯ: ಎರಡು ತಿಂಗಳಲ್ಲಿ 4 ಕೆ.ಜಿ. ಎಂದರೆ ವಾರಕ್ಕೆ ಅರ್ಧ ಕೆ.ಜಿ. ನಾವು ಹೇಳುವುದೂ ಅಷ್ಟನ್ನೇ. ಮುಟ್ಟಿನ ದಿನಗಳ ಹತ್ತಿರ, ಉಪ್ಪು ಜಾಸ್ತಿ ತಿಂದ ಮರುದಿನ, ಮೈಯಲ್ಲಿ ನೀರು ನಿಂತು ಒಂದೆರಡು ಕೆ.ಜಿ. ಹೆಚ್ಚು ತೋರಿಸಬಹುದು. ವಾರಕ್ಕೊಮ್ಮೆ ಮಾತ್ರ ತೂಗಿ. ಸೊಂಟದ ಸುತ್ತಳತೆಯನ್ನೂ ಬರೆದಿಡಿ, ಹೆಂಗಸರಿಗೆ ಅದು 80 ಸೆಂ.ಮೀ. ಒಳಗಿರಬೇಕು.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಸಂಜೆ ಬೆವರು, ಕೈನಡುಕ ಬಂದಾಗ ಅದನ್ನು ಬರೀ ಹಸಿವೆಂದು ಸುಮ್ಮನಿರಬೇಡಿ, ಸಕ್ಕರೆ ಪರೀಕ್ಷಿಸಿಕೊಳ್ಳಿ. ಮೂರು ಹೊತ್ತು ಸರಿಯಾಗಿ ತಿಂದೂ ನಾಲ್ಕಾರು ವಾರ ಹೀಗೇ ಕೈಮೀರಿ ತಿನ್ನುವಂತಾದರೆ ವೈದ್ಯರಿಗೆ ಮುಚ್ಚುಮರೆ ಇಲ್ಲದೆ ಹೇಳಿ, ಅದಕ್ಕೂ ಚಿಕಿತ್ಸೆ ಇದೆ.