ನಮ್ಮ ಸಂವಿಧಾನ 1935ರ ಬ್ರಿಟಿಷ್ ಕಾಯ್ದೆಯ ನಕಲಾ?

ಬ್ರಿಟಿಷರು ಭಾರತದ ಆಡಳಿತಕ್ಕಾಗಿ ಮಾಡಿದ 1935ರ ಭಾರತ ಸರ್ಕಾರ ಕಾಯ್ದೆಯನ್ನೇ ನಮ್ಮ ಸಂವಿಧಾನ ನಕಲು ಮಾಡಿದೆ ಎಂಬ ಮಾತು ಅರ್ಧ ಮಾತ್ರ ನಿಜ. ರಾಜ್ಯಪಾಲರ ಹುದ್ದೆ, ಕೇಂದ್ರ-ರಾಜ್ಯಗಳ ಅಧಿಕಾರದ ಪಟ್ಟಿಗಳು, ಹೀಗೆ ಆಡಳಿತದ ಚೌಕಟ್ಟು ಜಾಸ್ತಿ ಅಲ್ಲಿಂದಲೇ ಬಂತು. 1948ರ ನವೆಂಬರ್ 4ರಂದು ಅಂಬೇಡ್ಕರ್ ಅವರೇ ಸಂವಿಧಾನ ಸಭೆಯಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಿದ್ದರು.

ಆದರೆ ಆ ಕಾಯ್ದೆಯಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವೇ ಇರಲಿಲ್ಲ. ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ಇರಲಿಲ್ಲ. ಇವುಗಳ ಬೇರು ನಮ್ಮ ಹೋರಾಟದಲ್ಲೇ ಇದೆ. ಭಾರತೀಯ ನಾಯಕರೇ ರೂಪಿಸಿದ ಸಂವಿಧಾನದ ಕರಡಾದ 1928ರ ನೆಹರೂ ವರದಿ (ಜವಾಹರಲಾಲ್ ಅಲ್ಲ, ತಂದೆ ಮೋತಿಲಾಲ್ ಅವರ ಹೆಸರಿನದು), ಕಾಂಗ್ರೆಸ್‌ನ 1931ರ ಕರಾಚಿ ನಿರ್ಣಯ ಎರಡರಲ್ಲೂ ಇವು ಆಗಲೇ ಇದ್ದವು. ಅಸ್ಪೃಶ್ಯತೆ ರದ್ದು ಮಾಡಿದ 17ನೇ ವಿಧಿಯಂತೂ ಇಲ್ಲಿನ ನೋವಿನಿಂದಲೇ ಹುಟ್ಟಿದ್ದು, ಅಲ್ವಾ?

ಇನ್ನೊಂದು ಮಾತು. ಸಂವಿಧಾನದ ಮೊದಲ ಕರಡು ಸಿದ್ಧಪಡಿಸಿದವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಮಂಗಳೂರಿನ ಬೆನಗಲ್ ನರಸಿಂಗ ರಾಯರು. ಅದರಲ್ಲಿದ್ದದ್ದು 243 ವಿಧಿಗಳು. ಅಂಬೇಡ್ಕರ್ ಅವರ ಕರಡು ಸಮಿತಿ ಮತ್ತು ಸಭೆಯ ಚರ್ಚೆ ದಾಟಿ, 1949ರ ನವೆಂಬರ್ 26ರ ಹೊತ್ತಿಗೆ ಅವು 395 ಆಗಿದ್ದವು.