ಚಿಕ್ಕಮಗಳೂರಿನ ನಮ್ಮ ಪಿಜಿ ಲ್ಯಾಬಿನಲ್ಲಿ ಸೀಸದ ಏಪ್ರನ್ ಇಲ್ಲ. ಸೀಸಿಯಂ, ಥ್ಯಾಲಿಯಂ ಸೋರ್ಸ್ (ವಿಕಿರಣ ಸೂಸುವ ಪುಟ್ಟ ಬಿಲ್ಲೆಗಳು) ಇಟ್ಟುಕೊಂಡು ಜಿಎಂ ಕೌಂಟರ್ (ವಿಕಿರಣ ಎಣಿಸುವ ಉಪಕರಣ) ಪ್ರಾಜೆಕ್ಟ್ ಮಾಡಲೇ, ಬೇಡವೆನ್ನಲೇ?

ಮಾಡಿ. ಏಪ್ರನ್ ಕೇಳಬೇಡಿ, ಒಂದು ದಪ್ಪ ನೋಟ್‌ಬುಕ್ ಕೇಳಿ. ಇದೇ ಊರಿನ ಲ್ಯಾಬೊಂದರಲ್ಲಿ, ಇದೇ ಎರಡು ಸೋರ್ಸ್ ಇಟ್ಟುಕೊಂಡು ಎರಡು ತಿಂಗಳ ರೀಡಿಂಗ್ ಕಳೆದುಕೊಂಡವನು ನಾನು. ಹತ್ತು ಏಪ್ರನ್ ಇದ್ದಿದ್ದರೂ ಅದು ತಪ್ಪುತ್ತಿರಲಿಲ್ಲ.

ಆಷಾಢದ ಜಡಿಮಳೆ. ಥ್ಯಾಲಿಯಂ-204ರ ಬಿಲ್ಲೆಗೆ ಬೂಷ್ಟು ಹಿಡಿದಿತ್ತು. ಹತ್ತಿಗೆ ಅಸಿಟೋನ್ ಹಾಕಿ ಒರೆಸಿದೆ. ಥ್ಯಾಲಿಯಂ ಸೂಸುವ ಬೀಟಾ ಕಣಗಳು ಹೊರಗೆ ಬರಲೆಂದೇ ಆ ಬಿಲ್ಲೆಯ ಮುಖದ ಪದರವನ್ನು ತೀರಾ ತೆಳ್ಳಗೆ ಮಾಡಿರುತ್ತಾರೆ. ಅಸಿಟೋನ್ ತಾಗಿ ಅದು ಬಿರಿಯಿತು, ಬಿಲ್ಲೆ ಇಟ್ಟಾಗಲೆಲ್ಲ ಟ್ರೇ ಮೇಲೆ ಕಣ್ಣಿಗೆ ಕಾಣದಷ್ಟು ಪುಡಿ ಉದುರತೊಡಗಿತು. ಇದು ತಿಳಿಯದೆ ಆದದ್ದು. ಆಮೇಲೆ ಮಾಡಿದ್ದನ್ನು ಮಾತ್ರ ಹಾಗೆನ್ನಲಾರೆ.

ನಮ್ಮ ಕೌಂಟರಿನ ಬ್ಯಾಕ್‌ಗ್ರೌಂಡ್, ಅಂದರೆ ಸೋರ್ಸ್ ಇಲ್ಲದಾಗಲೂ ಬರುವ ಎಣಿಕೆ, ನಿಮಿಷಕ್ಕೆ 24 ಇರುತ್ತಿತ್ತು. ಅದು 31 ಆಯಿತು, 38 ಆಯಿತು, ಕೊನೆಗೆ 52. ಪ್ರತಿದಿನ ಬೆಳಿಗ್ಗೆ ಆ ಅಂಕಿಯನ್ನು ಬರೆದುಕೊಂಡು, ಅವತ್ತಿನ ಎಲ್ಲ ರೀಡಿಂಗಿನಿಂದ ಕಳೆದುಬಿಡುತ್ತಿದ್ದೆ. ಏಕೆ ಏರಿತು ಎಂದು ಕೇಳಲೇ ಇಲ್ಲ. ಕೇಳಿದವರಿಗೂ ಉತ್ತರ ಸಿದ್ಧವಿತ್ತು: ಮಳೆ. ಉತ್ತರ ಪೂರ್ತಿ ಸುಳ್ಳೂ ಅಲ್ಲ. ಗಾಳಿಯಲ್ಲಿರುವ ರೇಡಾನ್ ಎಂಬ ವಿಕಿರಣಶೀಲ ಅನಿಲದ ಸಂತತಿ, ಅಂದರೆ ಸೀಸ-214, ಬಿಸ್ಮತ್-214, ಮಳೆಯ ಜೊತೆ ನೆಲಕ್ಕಿಳಿದು ಎಣಿಕೆಯನ್ನು ಕೊಂಚ ಏರಿಸುತ್ತವೆ. ಆದರೆ ಅವುಗಳ ಅರ್ಧಾಯುಷ್ಯ (ಅರ್ಧಕ್ಕೆ ಇಳಿಯಲು ಹಿಡಿಯುವ ಸಮಯ) ಅರ್ಧ ಗಂಟೆಯೂ ಇಲ್ಲ. ಮಳೆ ನಿಂತ ಎರಡು ಮೂರು ಗಂಟೆಯಲ್ಲಿ ಏರಿದ್ದು ಇಳಿಯಲೇಬೇಕು. ನಮ್ಮದು ಇಳಿಯಲಿಲ್ಲ.

ಇನ್ನೊಂದು ಮೋಸ ಒಂದು ನಿಮಿಷದ ಎಣಿಕೆಯದು. ಎಣಿಕೆಯ ಸಹಜ ಏರಿಳಿತ ಅದರ ವರ್ಗಮೂಲದಷ್ಟು, 24ಕ್ಕೆ ಸುಮಾರು 5. ಹಾಗಾಗಿ 31 ಬಂದರೆ ಆಕಸ್ಮಿಕ ಅನ್ನಿಸುತ್ತದೆ. ಹತ್ತು ನಿಮಿಷ ಎಣಿಸಿದ್ದರೆ 240ಕ್ಕೆ ಏರಿಳಿತ 15–16 ಮಾತ್ರ. ಅಲ್ಲಿ 310 ಬಂದಿದ್ದರೆ ಮೊದಲ ವಾರವೇ ಸಿಕ್ಕಿಬೀಳುತ್ತಿತ್ತು.

ಕಳೆದರೆ ಲೆಕ್ಕ ಸರಿಹೋಗುತ್ತದಲ್ಲ ಎಂದು ನಾನೂ ಅಂದುಕೊಂಡಿದ್ದೆ. ಹೋಗುವುದಿಲ್ಲ. ಬ್ಯಾಕ್‌ಗ್ರೌಂಡ್ ತೆಗೆದದ್ದು ಖಾಲಿ ಟ್ರೇ ಇಟ್ಟು. ಪ್ರಯೋಗದಲ್ಲಿ ಟ್ರೇಗೂ ಕೌಂಟರಿಗೂ ನಡುವೆ ಅಲ್ಯೂಮಿನಿಯಂ ಹಾಳೆ ಬರುತ್ತದೆ, ಅದು ಟ್ರೇ ಮೇಲಿನ ಪುಡಿಯ ಬೀಟಾವನ್ನೂ ತಡೆಯುತ್ತದೆ. ಅಲ್ಲಿ ಇಲ್ಲದ 28 ಎಣಿಕೆಯನ್ನು (52ರಲ್ಲಿ 24 ಹೋಗಿ ಉಳಿದದ್ದು) ನಾನು ಕಳೆಯುತ್ತಲೇ ಇದ್ದೆ. ಹಾಳೆ ದಪ್ಪವಾದಷ್ಟೂ ತಪ್ಪು ದೊಡ್ಡದು, ಹೀರಿಕೆಯ ಗುಣಾಂಕ (ಹಾಳೆ ಬೀಟಾವನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಇರಬೇಕಾದ್ದಕ್ಕಿಂತ ಹೆಚ್ಚು. ಅಷ್ಟೂ ದಿನ ಅದೇ ಟ್ರೇ ಮುಟ್ಟಿದ ಕೈಯಲ್ಲಿ ಪೆನ್ನು, ಬಾಗಿಲು, ಟಿಫಿನ್ ಡಬ್ಬಿ ಎಲ್ಲ ಮುಟ್ಟಿದ್ದೇನೆ. ರೀಡಿಂಗ್ ಹೋದದ್ದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಅದು.

ಹಾಗಾಗಿ ದಿನವೂ ಕೆಲಸಕ್ಕೆ ಮುಂಚೆ, ಮುಗಿದ ಮೇಲೆ, ಎರಡು ಸಲ ಹತ್ತು ನಿಮಿಷದ ಬ್ಯಾಕ್‌ಗ್ರೌಂಡ್ ಬರೆಯಿರಿ. ಏರಿದರೆ ಕಳೆಯಬೇಡಿ, ನಿಲ್ಲಿಸಿ. ಎಲ್ಲ ಸೋರ್ಸ್ ಆಚೆ ಕೋಣೆಗೆ ಹೋಗಿವೆಯೇ ನೋಡಿ. ಟ್ರೇ ಮೇಲೆ 2 ಮಿಲಿಮೀಟರ್ ಅಲ್ಯೂಮಿನಿಯಂ ತಗಡು ಮುಚ್ಚಿ ಮತ್ತೆ ಎಣಿಸಿ. ಥ್ಯಾಲಿಯಂ ಬೀಟಾ ಸುಮಾರು 1 ಮಿಲಿಮೀಟರ್ ದಾಟುವುದಿಲ್ಲ, ಎಣಿಕೆ ಹಳೆಯ ಮಟ್ಟಕ್ಕೆ ಬಿದ್ದರೆ ಕಳ್ಳ ಟ್ರೇ ಮೇಲೆಯೇ ಇದ್ದಾನೆ. ಬೀಳದಿದ್ದರೆ ಹೈ ವೋಲ್ಟೇಜ್ ಕೇಬಲಿನ ತುದಿಗೆ ತೇವ ಹಿಡಿದಿದೆಯೇ ನೋಡಿ. ಸ್ವಿಚ್ ಆಫ್ ಮಾಡಿ, ಒಣಗಿಸಿ, ಮತ್ತೆ ಎಣಿಸಿ. ಮಲೆನಾಡಿನಲ್ಲಿ ಇದೂ ಸಾಮಾನ್ಯ.

ತಿಂಗಳಿಗೊಮ್ಮೆ ಒರೆಸಿ ನೋಡುವ ಪರೀಕ್ಷೆ ಮಾಡಿ. ಫಿಲ್ಟರ್ ಪೇಪರಿಗೆ ಒಂದೆರಡು ಹನಿ ನೀರು ಹಾಕಿ ಟ್ರೇ, ಸೋರ್ಸ್ ಡಬ್ಬಿಯ ಒಳಗು, ಮೇಜು, ಒಂದೊಂದಕ್ಕೂ ಬೇರೆ ಪೇಪರಿನಲ್ಲಿ ಒರೆಸಿ. ಬಿಲ್ಲೆಯ ತೆಳು ಮುಖ ಮಾತ್ರ ಮುಟ್ಟಬೇಡಿ. ಪೇಪರ್ ಪೂರ್ತಿ ಒಣಗಿದ ಮೇಲೆಯೇ ಎಣಿಸಬೇಕು, ಒದ್ದೆ ಪೇಪರ್ ಬೀಟಾ ನುಂಗುತ್ತದೆ. ಪುಡಿ ಸಿಕ್ಕರೆ ಗ್ಲೌಸ್ ಹಾಕಿ ಅಂಚಿನಿಂದ ಒಳಕ್ಕೆ ಒರೆಸಿ, ಒರೆಸಿದ್ದೆಲ್ಲ ಪಾಲಿಥಿನ್ ಚೀಲಕ್ಕೆ ಹಾಕಿ ತಾರೀಖು ಬರೆದು ಬೀಗದೊಳಗಿಡಿ. ಗ್ಲೌಸನ್ನು ಒಳಮೈ ಹೊರಗಾಗುವಂತೆ ಕಳಚಿ. ಕೈಗೆ ತಾಗಿದ್ದರೆ ಸೋಪು, ಉಗುರುಬೆಚ್ಚಗಿನ ನೀರು ಸಾಕು. ಬ್ರಷ್ ಹಾಕಿ ಉಜ್ಜಬೇಡಿ, ಚರ್ಮ ತರಚಿದರೆ ಒಳಕ್ಕೆ ದಾರಿ ಮಾಡಿಕೊಟ್ಟಂತೆ.

ಏಪ್ರನ್ ಏಕೆ ಬೇಡವೆಂದರೆ, ಅದು ಎಕ್ಸ್-ರೇ ಕೋಣೆಯದು. ಅದರ 0.5 ಮಿಲಿಮೀಟರ್ ಸೀಸ ಸೀಸಿಯಂ-137ರ 662 ಕೆಇವಿ ಶಕ್ತಿಯ ಗಾಮಾ ಕಿರಣಗಳಲ್ಲಿ ನೂರಕ್ಕೆ ಐದಾರನ್ನಷ್ಟೇ ತಡೆಯುತ್ತದೆ. 20 ಸೆಂಟಿಮೀಟರಿನ ಚಿಮಟ ಅದಕ್ಕಿಂತ ದೊಡ್ಡ ರಕ್ಷಣೆ: ಬೆರಳು 1 ಸೆಂಟಿಮೀಟರಿನಿಂದ 20ಕ್ಕೆ ಸರಿದರೆ ಡೋಸ್ ನಾನೂರರಲ್ಲಿ ಒಂದು ಪಾಲಾಗುತ್ತದೆ. ಥ್ಯಾಲಿಯಂಗೆ 5 ಮಿಲಿಮೀಟರ್ ಅಕ್ರಿಲಿಕ್ ಸಾಕು.

ಹಳೆಯ ಸೋರ್ಸ್ ಕಪಾಟಿನಲ್ಲಿದ್ದರೆ ಪಟ್ಟಿ ಮಾಡಿಸಿ. 15 ವರ್ಷದಲ್ಲಿ ಥ್ಯಾಲಿಯಂ ಹದಿನಾರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ, ಸೀಸಿಯಂ ಅರ್ಧಕ್ಕೂ ಇಳಿದಿರುವುದಿಲ್ಲ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಬಳಸದೆ ಬಿಟ್ಟಿದ್ದ ಕೋಬಾಲ್ಟ್-60ರ ಯಂತ್ರ ಹರಾಜಾಗಿ ಮಾಯಾಪುರಿಯ ಗುಜರಿ ಸೇರಿತು, ಒಬ್ಬ ಕೆಲಸಗಾರ ಸತ್ತ. ನಿಮ್ಮ ಬಿಲ್ಲೆಗಳು ಅದರ ಮುಂದೆ ಏನೂ ಅಲ್ಲ, ಆದರೂ ಲ್ಯಾಬ್ ಶುಚಿ ಮಾಡುವ ದಿನ ಗುಜರಿ ಮೂಟೆಗೆ ಹೋಗುವ ಡಬ್ಬಿ ಇಂಥದ್ದೇ. ಕೀಲಿ ಯಾರ ಹತ್ತಿರ ಇರುತ್ತದೆ ಎಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆಯಿರಿ.